ಖಾಲಿ ಕುರ್ಚಿಗೆ ಇಟ್ಟ ನೀರು

ಮೈಕಿನ ಎದುರು ಸುಮ್ಮನೆ ನಿಲ್ಲಲು ನನಗೆ ಬರುವುದಿಲ್ಲ. ಮೆಲ್ಕಾರಿನಲ್ಲಿ ರಿಕ್ಷಾ ಓಡಿಸುವುದು ನನ್ನ ಕೆಲಸ. ಭಾನುವಾರ ಸುತ್ತಲಿನ ವಾಲಿಬಾಲ್ ಪಂದ್ಯಾಟಗಳಲ್ಲಿ ವೀಕ್ಷಕ ವಿವರಣೆ ಕೊಡುವುದು ನನ್ನ ಹುಚ್ಚು. ಚೆಂಡು ಗಾಳಿಯಲ್ಲಿರುವಾಗ ಮಾತಾಡಲು ಯಾರಿಗಾದರೂ ಬರುತ್ತದೆ. ಕಷ್ಟ ಇರುವುದು ಚೆಂಡು ನೆಲದಲ್ಲಿರುವಾಗ. ನೆಟ್ಟಿನ ಹಗ್ಗ ತುಂಡಾಗಿರುತ್ತದೆ, ರೆಫ್ರಿ ಚಹಾ ಕುಡಿಯಲು ಹೋಗಿರುತ್ತಾರೆ, ಮುಖ್ಯ ಅತಿಥಿ ಮನೆಯಲ್ಲಿ ಇನ್ನೂ ಅಂಗಿಗೆ ಇಸ್ತ್ರಿ ಹಾಕಿಸುತ್ತಿರುತ್ತಾರೆ. ಜನ ಎದ್ದು ಹೋಗದ ಹಾಗೆ ಆ ಹೊತ್ತನ್ನು ತುಂಬಿಸುವವನೇ ವಿವರಣೆಗಾರ. ನಾನು ತುಂಬಿಸುತ್ತೇನೆ. ಕೈಗೆ ಸಿಕ್ಕಿದ್ದನ್ನೆಲ್ಲ ಹಾಕಿ ತುಂಬಿಸುತ್ತೇನೆ. ಸಿಕ್ಕದಿದ್ದರೆ ಹುಟ್ಟಿಸಿ ತುಂಬಿಸುತ್ತೇನೆ. ಇದೇ ನನ್ನ ದೋಷ. ಇದರಿಂದ ನನ್ನ ತಂಗಿಯ ಮರ್ಯಾದೆ ಹೋಗುವುದರಲ್ಲಿತ್ತು.

ತಂಗಿ ಮಿಜಾರಿನ ಹತ್ತಿರದ ಶಾಲೆಯೊಂದರಲ್ಲಿ ಆಟದ ಟೀಚರು. ನಾನು ಏಳನೆಯವರೆಗೆ ಹೋದವನು. ಶಾಲೆ ಬಿಡಿಸಿದ್ದು ಯಾವ ಕಷ್ಟವೂ ಅಲ್ಲ, ನನಗೆ ಬೆಂಚಿನಲ್ಲಿ ಕೂತುಕೊಳ್ಳಲು ಆಗುತ್ತಿರಲಿಲ್ಲ ಅಷ್ಟೆ. ಅವಳಿಗೆ ಕೂತಲ್ಲಿಂದ ಏಳಲು ಆಗುತ್ತಿರಲಿಲ್ಲ. ಅಪ್ಪನಿಗೆ ಮೆಲ್ಕಾರಿನಲ್ಲಿ ಸಣ್ಣ ಹೋಟೆಲು ಇತ್ತು. ಕರಿದ ಗೋಳಿಬಜೆ, ಬನ್ಸ್ ಕಟ್ಟಿಕೊಡಲು ಹಳೆಯ ಪೇಪರು ತರುತ್ತಿದ್ದರು. ಪೇಪರನ್ನು ಹರಿದು ಸೈಜು ಮಾಡಿ ಇಡುವುದು ನಮ್ಮಿಬ್ಬರ ಕೆಲಸ. ನಾನು ಹರಿಯುತ್ತಿದ್ದೆ, ಅವಳು ಓದುತ್ತಿದ್ದಳು. ಓದಿ ಮುಗಿಯುವವರೆಗೆ ಆಟದ ಪುಟದಲ್ಲಿ ಬಜೆ ಕಟ್ಟಲು ಬಿಡುತ್ತಿರಲಿಲ್ಲ.

ಒಂದು ದಿನ ಹಾಗೆ ಹಿಡಿದುಕೊಂಡ ಪುಟದಲ್ಲಿ ಒಂದು ಟೆನಿಸ್ ತಂಡದ ಫೋಟೋ ಇತ್ತು. ಕೆಳಗೆ ದೇಶದ ಹೆಸರು: ಯುಗೊಸ್ಲಾವಿಯ. ಹೇಳಲು ಕಷ್ಟವಾದ ಹೆಸರು ಎಂಬ ಒಂದೇ ಕಾರಣಕ್ಕೆ ಅವಳು ಅದನ್ನು ತನ್ನ ತಂಡ ಮಾಡಿಕೊಂಡಳು. ಮುಂದೆ ಪೇಪರಿನಲ್ಲಿ ಹುಡುಕಿದರೆ ಆ ತಂಡವೇ ಇಲ್ಲ.

"ಅಪ್ಪ, ಯುಗೊಸ್ಲಾವಿಯ ಎಲ್ಲಿ ಹೋಯಿತು?" ಎಂದು ಕೇಳಿದಳು.

ಅಪ್ಪ ಬಾಣಲೆಯಿಂದ ತಲೆ ಎತ್ತದೆ, "ಪಾಲಾಯಿತು," ಎಂದರು. "ಅಣ್ಣ ತಮ್ಮಂದಿರಿಗೆ ಸರಿ ಬರಲಿಲ್ಲ."

ನಮ್ಮ ಕಡೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ. ಮನೆ ಪಾಲಾಗುವುದು ಎಂದರೆ ಏನೆಂದು ಮಕ್ಕಳಿಗೂ ಗೊತ್ತು. ಆದರೆ ತಂಗಿ ಮತ್ತೂ ಕೇಳಿದಳು: "ಹಾಗಾದರೆ ತಂಡ ಯಾರ ಪಾಲಿಗೆ?"

ಆ ಪ್ರಶ್ನೆಯನ್ನು ಅವಳು ಬಿಡಲೇ ಇಲ್ಲ. ಟೀಚರಾದ ಮೇಲೆ ಲೈಬ್ರರಿಯಲ್ಲಿ, ಆಮೇಲೆ ಮೊಬೈಲಿನಲ್ಲಿ, ಸಿಕ್ಕಿದ್ದನ್ನೆಲ್ಲ ಓದಿದಳು. ಓದಿದ್ದನ್ನೆಲ್ಲ ನನಗೆ ಹೇಳಿದಳು. ಡೇವಿಸ್ ಕಪ್ ಎಂದರೆ ದೇಶಕ್ಕೂ ದೇಶಕ್ಕೂ ನಡೆಯುವ ಟೆನಿಸ್, ಒಂದು ಸುತ್ತಿನಲ್ಲಿ ಐದು ಆಟ. ಅವರು ಒಂದು ವರ್ಷ ನಮ್ಮ ದೇಶವನ್ನೇ ಸೋಲಿಸಿ ಸೆಮಿಫೈನಲಿಗೆ ಹೋದದ್ದು. ಕಪ್ಪು ಮಾತ್ರ ಯಾವತ್ತೂ ಸಿಗದೆ ಹೋದದ್ದು. ದೇಶ ಒಡೆಯುವ ವರ್ಷ ಅವರ ತಂಡ ಎಲ್ಲಕ್ಕಿಂತ ಬಲವಾಗಿತ್ತಂತೆ. ಮೊದಲ ಸುತ್ತು ಗೆದ್ದರು, ಕ್ವಾರ್ಟರ್ ಫೈನಲ್ ಗೆದ್ದರು. ಸೆಮಿಫೈನಲ್ ಬರುವಾಗ ಊರಲ್ಲಿ ಯುದ್ಧ. ಬೇರೆಯಾಗಲು ಹೊರಟ ಕಡೆಯ ಆಟಗಾರರು ಬರಲಿಲ್ಲ. ಉಳಿದವರು ಫ್ರಾನ್ಸಿಗೆ ಹೋಗಿ ಆಡಿದರು, ಐದಕ್ಕೆ ಐದೂ ಸೋತರು.

ಇದು ಅವಳು ಹೇಳಿದ್ದು. ಇಷ್ಟೇ ನಿಜ. ಮುಂದಿನದ್ದು ನನ್ನದು.

ಹತ್ತಿರದ ಮಾಣಿ ಎಂಬ ಊರಿನಲ್ಲಿ ಒಂದು ಭಾನುವಾರ ಪಂದ್ಯಾಟ. ಫೈನಲಿಗೆ ಬಂದ ಎರಡು ತಂಡಗಳೂ ಹಿಂದಿನ ವರ್ಷದವರೆಗೆ ಒಂದೇ ತಂಡವಾಗಿದ್ದವು. ಜೆರ್ಸಿಯ ಬಣ್ಣದ ವಿಷಯದಲ್ಲಿ ಜಗಳವಾಗಿ ಎರಡಾಗಿದ್ದವು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮುಖ್ಯ ಅತಿಥಿ ಹೆದ್ದಾರಿ ಕೆಲಸದ ಬ್ಲಾಕಿನಲ್ಲಿ ಸಿಕ್ಕಿಕೊಂಡಿದ್ದರು, ಅವರು ಬಾರದೆ ಫೈನಲ್ ಶುರುಮಾಡುವ ಹಾಗಿಲ್ಲ. ಬಿಸಿಲು. ಜನ ಏಳತೊಡಗಿದರು. ಸಂಘಟಕರು ದೂರದಿಂದ ಕೈಸನ್ನೆ ಮಾಡಿದರು: ಮಾತಾಡು, ಮಾತಾಡು.

ಎರಡು ತಂಡಗಳನ್ನು ನೋಡಿದಾಗ ನನಗೆ ಯುಗೊಸ್ಲಾವಿಯ ನೆನಪಾಯಿತು. ಶುರುಮಾಡಿದೆ. ಜನ ಕೂತರು. ಸೆಮಿಫೈನಲಿಗೆ ಬಂದೆ, ಐದೂ ಸೋತರು ಎಂದೆ, ಕಥೆ ಮುಗಿಯಿತು. ಅತಿಥಿ ಬರಲಿಲ್ಲ. ನಾನು ಏನು ಮಾಡುವುದು? ಬಾಯಿ ತಾನಾಗಿಯೇ ಮುಂದೆ ಹೋಯಿತು.

"ಆದರೆ ಮಾನ್ಯರೇ, ಆ ದಿನ ಅಂಗಣದಲ್ಲಿ ಏನಾಯಿತು ಗೊತ್ತುಂಟಾ? ಆಟಗಾರರು ಕೂತುಕೊಳ್ಳುವ ಜಾಗದಲ್ಲಿ ಉಳಿದವರು ಒಂದು ಕುರ್ಚಿಯನ್ನು ಖಾಲಿ ಬಿಟ್ಟರು. ಬಾರದ ಗೆಳೆಯನ ಕುರ್ಚಿ! ಅದರ ಮೇಲೆ ಅವನ ಟವೆಲು. ಟವೆಲಿನ ಎದುರು ಒಂದು ಗ್ಲಾಸು ನೀರು. ನೀರು ಇಟ್ಟು ಎಲ್ಲರೂ ಕುರ್ಚಿಗೆ ಬೆನ್ನು ಹಾಕಿ ಒಂದು ಗಳಿಗೆ ನಿಂತರು. ಅವನು ಎಲ್ಲಿದ್ದಾನೋ, ಅಲ್ಲಿಂದ ಬಂದು ಕುಡಿದು ಹೋಗಲಿ ಎಂದು!"

ಕಡಲೆ ಮಾರುವವನೂ ಸೌಟು ಬಡಿಯುವುದನ್ನು ನಿಲ್ಲಿಸಿದ. ಮುಂದಿನ ಸಾಲಿನ ಒಬ್ಬರು ಹೆಂಗಸು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಆಮೇಲೆ ಅತಿಥಿ ಬಂದರು, ಎರಡು ತಂಡಗಳ ಕ್ಯಾಪ್ಟನ್‌ಗಳು ಕೈ ಕುಲುಕುವ ಬದಲು ತಬ್ಬಿಕೊಂಡೇ ಬಿಟ್ಟರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ರಿಕ್ಷಾದಲ್ಲಿ ಮನೆಗೆ ಬರುವಾಗ ಆ ಕುರ್ಚಿಯನ್ನು ನಾನೇ ಕಣ್ಣಾರೆ ನೋಡಿದ್ದೇನೆ ಅನಿಸತೊಡಗಿತ್ತು.

ಕೆಲವು ತಿಂಗಳು ಕಳೆದ ಮೇಲೆ ತಂಗಿ ಫೋನು ಮಾಡಿದಳು. ಬೆಳ್ತಂಗಡಿಯಲ್ಲಿ ಟೀಚರುಗಳ ಒಂದು ಸಭೆ, ಅಲ್ಲಿ ಒಬ್ಬೊಬ್ಬರು ತಮಗೆ ಇಷ್ಟವಾದ ವಿಷಯದ ಬಗ್ಗೆ ಮಾತಾಡಬೇಕು. ಅವಳ ಸರದಿ ಬಂದಿದೆ.

"ಅಣ್ಣ, ಮಕ್ಕಳ ಎದುರಾದರೆ ನಾನು ಹುಲಿ. ದೊಡ್ಡವರ ಎದುರು ಸ್ವರವೇ ಬರುವುದಿಲ್ಲ. ನೀನು ಒಮ್ಮೆ ಬಂದು ಮೈಕು ಹಿಡಿಯುವುದು ಹೇಗೆಂದು ತೋರಿಸು ಮಾರಾಯ."

ಜೀವನದಲ್ಲಿ ಅವಳು ನನ್ನಿಂದ ಕಲಿಯಲು ಬಯಸಿದ್ದು ಅದೊಂದೇ. ನಾನು ಆ ಸಂಜೆಯೇ ಮಿಜಾರಿಗೆ ಹೋದೆ. ಅಡುಗೆಮನೆಯಿಂದ ಒಂದು ಸೌಟು ತಂದು ಅವಳ ಕೈಗೆ ಕೊಟ್ಟು, ನಾನು ಜಗಲಿಯ ಮೆಟ್ಟಿಲಿನಲ್ಲಿ ಸಭಿಕನಾಗಿ ಕೂತೆ.

"ಬಾಯಿಗೆ ಅಷ್ಟು ಹತ್ತಿರ ಬೇಡ, ಸಾರಿನ ರುಚಿ ನೋಡುವುದಲ್ಲ," ಎಂದೆ. "ಹಾಂ. ಈಗ ಹೇಳು."

ಚಂದವಾಗಿಯೇ ಹೇಳಿದಳು. ಪೇಪರು ಹರಿಯುವುದರಿಂದ ಶುರುಮಾಡಿ ಸೆಮಿಫೈನಲಿಗೆ ಬಂದಳು. ಅಲ್ಲಿ ಅವಳ ಸ್ವರ ಮೆತ್ತಗಾಯಿತು.

"ಉಳಿದವರು ಒಂದು ಕುರ್ಚಿಯನ್ನು ಖಾಲಿ ಬಿಟ್ಟರು," ಎಂದಳು.

ಅದು ನನ್ನ ಕುರ್ಚಿ. ಟವೆಲು ಬಂತು. ನೀರು ಬಂತು. ಬೆನ್ನು ಹಾಕಿ ನಿಂತದ್ದೂ ಬಂತು.

"ಇದು... ಇದು ನಿನಗೆ ಎಲ್ಲಿ ಸಿಕ್ಕಿತು?" ಎಂದು ಕೇಳಿದೆ.

"ವಾಟ್ಸ್ಯಾಪಲ್ಲಿ ಬಂತು. ಯಾರೋ ಎಷ್ಟು ಚಂದ ಬರೆದಿದ್ದಾರೆ ಗೊತ್ತುಂಟಾ? ಇಷ್ಟು ವರ್ಷ ಓದಿದ್ದೇನೆ, ನನಗೆ ಇದು ಗೊತ್ತೇ ಇರಲಿಲ್ಲ ನೋಡು. ನಮ್ಮ ಶಾಲೆಯ ಗಣಿತದ ಮೇಷ್ಟ್ರು, ಬೆಳ್ತಂಗಡಿಗೆ ಅವರೂ ಬರ್ತಾರೆ, ಅವರಿಗೆ ಹೇಳಿದರೆ, 'ಟೀಚರೇ, ಇದು ಸ್ವಲ್ಪ ಸಿನೆಮಾದ ಹಾಗೆ ಕಾಣ್ತದೆ' ಎಂದು ನಗಾಡಿದರು. ನನಗೆ ಸಿಟ್ಟು ಬಂತು. 'ಸತ್ಯ ಅಲ್ಲದಿದ್ದರೆ ನಾನು ಆ ಸಭೆಯಲ್ಲಿ ಬಾಯೇ ಬಿಡುವುದಿಲ್ಲ ಸಾರ್' ಎಂದು ಹೇಳಿಬಿಟ್ಟೆ."

ಆಗಲೇ ಹೇಳಬೇಕಿತ್ತು. ಬಾಯಿಯವರೆಗೆ ಬಂದಿತ್ತು. ಆದರೆ ಸುಳ್ಳು ಹೇಳುವಾಗ ತಾನಾಗಿ ಓಡುವ ನನ್ನ ಬಾಯಿ ಸತ್ಯ ಹೇಳುವಾಗ ಹಟ ಹಿಡಿದ ಎತ್ತಿನ ಹಾಗೆ ನಿಂತುಬಿಟ್ಟಿತು. ಅವಳು ಮುಂದುವರಿಸಿದಳು. ಆ ಹೆಸರಿನ ತಂಡಕ್ಕೆ ಕೆಲವು ವರ್ಷ ಆಡಲು ಬಿಡದೆ ಇದ್ದದ್ದು, ಆಮೇಲೆ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನಿಂದ ಮತ್ತೆ ಹತ್ತಿದ್ದು, ಹೆಸರು ಬದಲಾಗುತ್ತ ಹೋಗಿ ಕೊನೆಗೆ ಸೆರ್ಬಿಯ ಆದದ್ದು. ಬೇರೆಯಾದ ಕ್ರೊಯೇಷಿಯ ಒಂದು ವರ್ಷ ಕಪ್ಪು ಗೆದ್ದಿತು, ಕೆಲವು ವರ್ಷಗಳ ನಂತರ ಸೆರ್ಬಿಯವೂ ಗೆದ್ದಿತು. ಒಟ್ಟಿಗಿದ್ದಾಗ ಸಿಗದ ಕಪ್ಪು ಪಾಲಾದ ಮೇಲೆ ಇಬ್ಬರಿಗೂ ಸಿಕ್ಕಿತು.

"ಸೆರ್ಬಿಯದವರು ಗೆದ್ದ ಸಂತೋಷಕ್ಕೆ ಅಂಗಣದಲ್ಲೇ ತಲೆ ಬೋಳಿಸಿಕೊಂಡರು," ಎಂದಳು.

"ಅದು ತೆಗಿ," ಎಂದೆ ನಾನು. "ಅದು ಅತಿಯಾಯಿತು. ಹರಕೆ ಹೊತ್ತವರ ಹಾಗೆ ತಲೆ ಬೋಳಿಸುವುದುಂಟಾ? ಯಾರೂ ನಂಬುವುದಿಲ್ಲ."

"ಅದು ಸತ್ಯ ಅಣ್ಣ! ಫೋಟೋ ಉಂಟು!"

ಅಂದರೆ ಪರಿಸ್ಥಿತಿ ಹೀಗಿತ್ತು: ಸತ್ಯವನ್ನು ತೆಗಿ ಎಂದು ಹೇಳಿ, ಸುಳ್ಳನ್ನು ಅಲ್ಲೇ ಬಿಟ್ಟು, ಅವಳು ಕೊಟ್ಟ ನೀರುದೋಸೆ ತಿಂದು ನಾನು ಮನೆಗೆ ಬಂದೆ.

ಸಭೆ ಶನಿವಾರ. ಅದರ ಮೊದಲು ನಾನು ಹೇಳಲು ಪ್ರಯತ್ನಿಸಲಿಲ್ಲ ಎಂದಲ್ಲ. ಫೋನು ಮಾಡಿದೆ, ಬಂಗುಡೆ ಮೀನಿನ ರೇಟು ಮಾತಾಡಿ ಇಟ್ಟೆ. ಮತ್ತೆ ಮಾಡಿದೆ, "ಎಂಥ ಅಣ್ಣ, ಈಗಷ್ಟೇ ಮಾಡಿದ್ದಲ್ವಾ?" ಎಂದು ಕೇಳಿದಳು. "ಬಂಗುಡೆ ತಗೊಂಡೆಯಾ ಎಂದು ಕೇಳಲಿಕ್ಕೆ," ಎಂದೆ.

ಶನಿವಾರ ಅವಳನ್ನು ನನ್ನ ರಿಕ್ಷಾದಲ್ಲೇ ಬೆಳ್ತಂಗಡಿಗೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಹೋದರೆ ಸೀರೆ ಮುದುಡುತ್ತದೆ ಎಂದು ಅವಳು, ದಾರಿ ಉದ್ದ ಉಂಟು, ಎಲ್ಲಾದರೂ ಹೇಳಿಬಿಡಬಹುದು ಎಂದು ನಾನು. ಮೂಡುಬಿದಿರೆ ದಾಟುವುದರೊಳಗೆ ಹೇಳುತ್ತೇನೆ ಎಂದುಕೊಂಡೆ. ಮೂಡುಬಿದಿರೆಯಲ್ಲಿ ಟ್ರಾಫಿಕ್ಕು ಇತ್ತು. ಅದು ಕಳೆದ ಮೇಲೆ ರಸ್ತೆ ಖಾಲಿಯಾಯಿತು, ಖಾಲಿ ರಸ್ತೆಯಲ್ಲಿ ಹೇಳಲು ಇನ್ನೂ ಹೆದರಿಕೆಯಾಯಿತು. ಹಿಂದಿನಿಂದ ಅವಳ ಮೆಲ್ಲಗಿನ ಸ್ವರ ಕೇಳುತ್ತಿತ್ತು. ಅಭ್ಯಾಸ ಮಾಡುತ್ತಿದ್ದಳು. ಪ್ರತಿ ಸಲ ಕುರ್ಚಿಗೆ ಬಂದಾಗ ನನ್ನ ಕಾಲು ಬ್ರೇಕಿನ ಮೇಲೆ ಹೋಗುತ್ತಿತ್ತು.

"ಎಂಥ ಅಣ್ಣ, ರಸ್ತೆಯಲ್ಲಿ ಎಂಥದೂ ಇಲ್ಲ, ಯಾಕೆ ಬ್ರೇಕು ಹಾಕ್ತಿ?"

ವೇಣೂರಿನಲ್ಲಿ ಚಹಾಕ್ಕೆ ನಿಲ್ಲಿಸಿದೆ. ಬಿಸಿ ಗೋಳಿಬಜೆ ಬಂತು. ಅವಳು ಒಂದನ್ನು ಬಾಯಿಗೆ ಹಾಕಿಕೊಳ್ಳುವುದನ್ನೇ ಕಾದೆ. ಬಾಯಿ ತುಂಬಿದ್ದರೆ ಒಡನೆ ಬೈಯಲು ಆಗುವುದಿಲ್ಲವಲ್ಲ.

"ಆ ಕುರ್ಚಿ ನಾನು ಮಾಡಿದ್ದು," ಎಂದೆ.

"ಯಾವ ಕುರ್ಚಿ?" ಎಂದು ಬಜೆಯ ನಡುವಿನಿಂದ ಕೇಳಿದಳು.

"ಯುಗೊಸ್ಲಾವಿಯದ್ದು. ಟವೆಲು, ನೀರು, ಎಲ್ಲ. ಮಾಣಿಯಲ್ಲಿ ಅತಿಥಿ ಬರುವುದು ತಡವಾಯಿತು. ಯಾರೋ ರೆಕಾರ್ಡು ಮಾಡಿಕೊಂಡಿರಬೇಕು. ಅದನ್ನು ಮತ್ಯಾರೋ ಬರೆದು ಬಿಟ್ಟಿದ್ದಾರೆ."

ಅವಳು ಅಗಿಯುವುದನ್ನು ನಿಲ್ಲಿಸಿದಳು. ನನ್ನ ಮುಖವನ್ನು ನೋಡಿದಳು, ಮೇಜಿನ ಮೇಲಿದ್ದ ನೀರಿನ ಗ್ಲಾಸನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು.

"ನೀರು ಇಟ್ಟು ಬೆನ್ನು ಹಾಕಿ ನಿಲ್ಲುವುದು," ಎಂದು ನಿಧಾನವಾಗಿ ಹೇಳಿದಳು. "ಅಮ್ಮ ಒಳಕೋಣೆಯಲ್ಲಿ ಹಿರಿಯರಿಗೆ ಬಡಿಸುವಾಗ ಮಾಡುತ್ತಿದ್ದದ್ದು. ಎಲೆ ಹಾಕಿ, ನೀರಿಟ್ಟು, ನಾವೆಲ್ಲ ಹೊರಗೆ ಬಂದು ಬಾಗಿಲು ಎಳೆದು, ಆ ಕಡೆ ತಿರುಗಿ ನಿಲ್ಲುತ್ತಿದ್ದದ್ದು. ಸತ್ತವರು ಬಂದು ಉಂಡು ಹೋಗಲಿ ಎಂದು."

ನನಗೆ ಆವರೆಗೆ ಅದು ಹೊಳೆದೇ ಇರಲಿಲ್ಲ. ಸುಳ್ಳನ್ನು ನಾನೇ ಹುಟ್ಟಿಸಿದೆ ಎಂದುಕೊಂಡಿದ್ದೆ. ಅದನ್ನೂ ಮನೆಯಿಂದ ಎತ್ತಿಕೊಂಡು ಹೋಗಿದ್ದೆ.

"ಅದಕ್ಕೇ ನನಗೆ ಅಷ್ಟು ಸತ್ಯ ಅಂತ ಕಂಡದ್ದು," ಎಂದಳು. "ನಮ್ಮಲ್ಲಿ ಇರುವ ಹಾಗೆಯೇ ಅಲ್ಲಿಯೂ ಉಂಟು ಎಂದು ಕೊನೆಯಲ್ಲಿ ಹೇಳಬೇಕೆಂದಿದ್ದೆ. ಅಣ್ಣ, ಆ ಆಟಗಾರ ಸತ್ತಿರಲಿಲ್ಲ! ಬದುಕಿದ್ದವನಿಗೆ ಎಲೆ ಹಾಕಿದೆಯಲ್ಲ ಮಾರಾಯ!"

ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

"ನಗಬೇಡ. ಮೇಷ್ಟ್ರಿಗೆ ನಾನು ಏನು ಹೇಳಿದ್ದೇನೆ ಎಂದು ನೆನಪುಂಟಲ್ವಾ? ಅವತ್ತು ಮೆಟ್ಟಿಲಲ್ಲಿ ಕೂತು ಎಲ್ಲ ಕೇಳಿದೆ, ದೋಸೆ ತಿಂದೆ, ಹೋದೆ. ಬಂಗುಡೆ ಬಗ್ಗೆ ಕೇಳಲಿಕ್ಕೆ ಫೋನು ಮಾಡಿದೆ. ಯುಗೊಸ್ಲಾವಿಯದ ಬಗ್ಗೆ ಇಡೀ ಊರಿನಲ್ಲಿ ನಾನು ನಿನಗೊಬ್ಬನಿಗೇ ಇಷ್ಟು ವರ್ಷ ಹೇಳಿದ್ದು. ನೀನು ಕೇಳ್ತಿ ಎಂದು."

ಚಹಾದ ದುಡ್ಡು ಕೊಟ್ಟು ರಿಕ್ಷಾ ಶುರುಮಾಡಿದೆ. ಸುಳ್ಳು ಹೇಳಿದ್ದಕ್ಕಿಂತ ಆ ಮೆಟ್ಟಿಲಿನಿಂದ ಸುಮ್ಮನೆ ಎದ್ದು ಬಂದದ್ದೇ ನನಗೆ ಈಗ ಹೆಚ್ಚು ಚುಚ್ಚುತ್ತದೆ. ನಾನು ಸುಮ್ಮನಿರಬಾರದ ಒಂದೇ ಹೊತ್ತಿನಲ್ಲಿ ಸುಮ್ಮನಿದ್ದೆ.

ಗುರುವಾಯನಕೆರೆಯವರೆಗೆ ಅವಳು ಸೀರೆಯ ನೆರಿಗೆ ಸರಿಮಾಡುತ್ತ ಕೂತಳು. ಕೆರೆ ಕಂಡಾಗ ಹಿಂದಿನಿಂದ ಕೇಳಿದಳು: "ಅದನ್ನು ತೆಗೆದರೆ ಅಲ್ಲಿ ಏನು ಹೇಳುವುದು? ಜಾಗ ಖಾಲಿಯಾಗ್ತದೆ."

"ಏನೂ ಹೇಳಬೇಡ. ಸೋತರು ಎಂದು ಹೇಳಿ ಸ್ವಲ್ಪ ನಿಲ್ಲು."

"ಇದನ್ನು ಹೇಳುವುದು ನೀನಾ?" ಎಂದಳು. ಕನ್ನಡಿಯಲ್ಲಿ ನೋಡಿದೆ. ತುಟಿಯ ಒಂದು ಮೂಲೆ ಸ್ವಲ್ಪ ಸಡಿಲವಾಗಿತ್ತು.

ಬೆಳ್ತಂಗಡಿಯ ಸಭಾಂಗಣದಲ್ಲಿ ನಾನು ಕೊನೆಯ ಸಾಲಿನಲ್ಲಿ ಕೂತೆ. ಅವಳು ಮೈಕನ್ನು ಸರಿಯಾದ ದೂರದಲ್ಲೇ ಹಿಡಿದಳು. ಗೋಳಿಬಜೆಯ ಪೇಪರಿಗೆ ಜನ ನಕ್ಕರು, "ಪಾಲಾಯಿತು" ಎಂಬ ಅಪ್ಪನ ಮಾತಿಗೆ ಚಪ್ಪಾಳೆಯೇ ಬಿತ್ತು. ಸೆಮಿಫೈನಲ್ ಬಂತು.

"ಉಳಿದವರು ಹೋದರು, ಆಡಿದರು. ಐದಕ್ಕೆ ಐದೂ ಸೋತರು," ಎಂದಳು. ನಿಂತಳು.

ಆ ಮೌನದಲ್ಲಿ ನನಗಾದ ತುರಿಕೆ ದೇವರಿಗೇ ಗೊತ್ತು. ಎರಡು ಕೈಗಳನ್ನೂ ತೊಡೆಯ ಕೆಳಗೆ ಹಾಕಿಕೊಂಡು ಕೂತೆ. ಅವಳು ನಿಧಾನವಾಗಿ ಉಸಿರು ತೆಗೆದುಕೊಂಡು ಮುಂದೆ ಹೋದಳು, ತಲೆ ಬೋಳಿಸಿದವರೆಗೂ ಹೇಳಿ ಮುಗಿಸಿದಳು.

ಮುಗಿದ ಕೂಡಲೇ ಗಣಿತದ ಮೇಷ್ಟ್ರು ಎದ್ದರು. ತೆಳ್ಳಗಿನ, ನಗುಮುಖದ ಮನುಷ್ಯ. "ಟೀಚರೇ, ಆ ಖಾಲಿ ಕುರ್ಚಿಯದ್ದು ಬರಲೇ ಇಲ್ಲವಲ್ಲ? ಅದನ್ನು ಕೇಳಲಿಕ್ಕೆಂದೇ ನಾನು ಬಂದದ್ದು."

"ನಮಗೂ ಬಂದಿತ್ತು ಮೊಬೈಲಿಗೆ," ಎಂದು ಇನ್ಯಾರೋ ಹೇಳಿದರು. "ಅದನ್ನು ಹೇಳಿ ಟೀಚರೇ."

ತಂಗಿ ನನ್ನ ಕಡೆ ನೋಡಿದಳು. ಕೈ ತೋರಿಸಲಿಲ್ಲ, ಹೆಸರು ಹೇಳಲಿಲ್ಲ. "ಅದು ಸತ್ಯ ಅಲ್ಲ ಸಾರ್. ನಾನು ವಿಚಾರಿಸದೆ ನಂಬಿದೆ. ನೀವು ಹೇಳಿದ್ದೇ ಸರಿ," ಎಂದಳು. ಅಷ್ಟೇ. ತಪ್ಪನ್ನು ತನ್ನ ಮೇಲೆ ಎಳೆದುಕೊಂಡು ಮೈಕು ಕೆಳಗಿಟ್ಟಳು.

ನಾನು ಎದ್ದೆ. ಮೈಕಿಲ್ಲದೆ ನಾಲ್ಕು ಜನರ ಎದುರು ಮಾತಾಡಿದ್ದು ಅದೇ ಮೊದಲು. ನನ್ನ ಸ್ವರ ನನಗೇ ಯಾರದ್ದೋ ಹಾಗೆ ಕೇಳಿತು. "ನಾನು ಇವಳ ಅಣ್ಣ. ಆ ಕುರ್ಚಿ ನಾನು ಮಾಣಿಯಲ್ಲಿ ಮೈಕಿನಲ್ಲಿ ಹೇಳಿದ ಸುಳ್ಳು. ಇವಳಿಗೆ ಇವತ್ತು ವೇಣೂರಿನವರೆಗೆ ಗೊತ್ತಿರಲಿಲ್ಲ. ಮೊದಲೇ ಹೇಳಬೇಕಿತ್ತು, ನಾನು ಹೇಳಲಿಲ್ಲ."

ಎಲ್ಲರೂ ಹಿಂದೆ ತಿರುಗಿ ನನ್ನನ್ನು ನೋಡಿದರು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ಹಾಗಾದರೆ ಆ ತಲೆ ಬೋಳಿಸಿದ್ದೂ ನಿಮ್ಮದೇ ಇರಬೇಕು."

"ಅಲ್ಲ ಸಾರ್, ಅದು ಸತ್ಯ!"

ಸಭಾಂಗಣದ ಮಾಡು ಹಾರಿಹೋಗುವ ಹಾಗೆ ನಕ್ಕರು. ನಾನು ಆಣೆ ಮಾಡಿದಷ್ಟೂ ನಗು ಹೆಚ್ಚಾಯಿತು. ಕೊನೆಗೆ ತಂಗಿ ಮೊಬೈಲು ತೆಗೆದು ಆ ಬೋಳು ತಲೆಗಳ ಫೋಟೋವನ್ನು ಸಾಲು ಸಾಲಿಗೆ ತೋರಿಸಿಕೊಂಡು ಬರಬೇಕಾಯಿತು. ಮೇಷ್ಟ್ರು ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಸರಿ ಟೀಚರೇ, ನಿಮ್ಮ ಲೆಕ್ಕ ಸರಿ ಉಂಟು. ಅಣ್ಣನದ್ದು ಮಾತ್ರ ಮತ್ತೊಮ್ಮೆ ಕೂಡಿಸಿ ನೋಡಬೇಕು," ಎಂದರು.

ವಾಪಸು ಬರುವಾಗ ತಂಗಿ ತೀರ್ಪು ಕೊಟ್ಟಳು. ಮಾಣಿಯ ಅದೇ ಮೈದಾನದಲ್ಲಿ, ಅದೇ ಮೈಕಿನಲ್ಲಿ, ಅದು ಸುಳ್ಳೆಂದು ನಾನು ಹೇಳಬೇಕು. ಅವಳು ಎದುರಿನ ಸಾಲಿನಲ್ಲಿ ಕೂತು ಕೇಳುತ್ತಾಳೆ.

ಮುಂದಿನ ಪಂದ್ಯಾಟ ಬಂತು, ಅವಳೂ ಬಂದಳು. ನಾನು ಹೇಳಿದೆ. ಹಿಂದಿನ ಸಲ ಕಣ್ಣು ಒರೆಸಿಕೊಂಡ ಹೆಂಗಸಿಗೆ ನನ್ನ ಮೇಲೆ ಸಿಟ್ಟೇ ಬಂತು: "ಅಷ್ಟು ಚಂದದ್ದನ್ನು ಸುಳ್ಳೆಂದು ಯಾಕೆ ಹೇಳಲಿಕ್ಕೆ ಹೋದದ್ದು ನೀವು?" ಅವತ್ತು ತಬ್ಬಿಕೊಂಡ ಎರಡು ಕ್ಯಾಪ್ಟನ್‌ಗಳಲ್ಲಿ ಒಬ್ಬನನ್ನು ಹಿಡಿದು, ಈಗಾದರೂ ಒಂದಾಗಿ ಆಡುತ್ತೀರಾ ಎಂದು ಕೇಳಿದೆ. "ಇಲ್ಲ ಅಣ್ಣ, ಜೆರ್ಸಿಯ ಬಣ್ಣ ಇನ್ನೂ ಇತ್ಯರ್ಥ ಆಗಲಿಲ್ಲ," ಎಂದ. ಆ ಕುರ್ಚಿಯ ಕಥೆ ನನ್ನ ಮೊಬೈಲಿಗೆ ಈಗಲೂ ಆಗಾಗ ಬರುತ್ತದೆ. ಸುಳ್ಳು ಎಂದು ಬರೆದು ಕಳುಹಿಸಿದರೆ, ನಿಮಗೆ ಕರುಳಿಲ್ಲವಾ ಎಂದು ಉತ್ತರ ಬರುತ್ತದೆ.

ನಾನು ತಪ್ಪು ಒಪ್ಪಿಕೊಂಡ ಆ ದಿನವೂ ಫೈನಲಿನ ಹೊತ್ತಿಗೆ ಮುಖ್ಯ ಅತಿಥಿ ಬಂದಿರಲಿಲ್ಲ. ಸಂಘಟಕರು ದೂರದಿಂದ ಕೈಸನ್ನೆ ಮಾಡಿದರು. ನಾನು ಮೈಕು ಹಿಡಿದುಕೊಂಡೆ, ಎದುರು ಕೂತ ತಂಗಿಯನ್ನು ನೋಡಿದೆ. ಅವಳು ಹುಬ್ಬು ಏರಿಸಿದಳು. ನಿಜವಾಗಿ ಗೊತ್ತಿರುವುದು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಸುಮ್ಮನೆ ನಿಂತೆ.

ಜನ ಕಾದರು. ಒಬ್ಬ ಎದ್ದು ಸ್ಪೀಕರಿನ ಹತ್ತಿರ ಹೋಗಿ ಅದನ್ನು ತಟ್ಟಿದ. ಇನ್ನೊಬ್ಬ ವಯರು ಎಳೆದು ನೋಡಿದ.

"ಕರೆಂಟು ಹೋಯಿತಾ?" ಎಂದು ಹಿಂದಿನಿಂದ ಯಾರೋ ಕೂಗಿದರು.

ತಂಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನಾನು ಆಗಲೂ ಮಾತಾಡಲಿಲ್ಲ.